ಹುಳ ಜ್ವರಕ್ಕೆ ಕೂತ ದಿನ

ನಮ್ಮ ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ನಿಜ. ಆದರೆ ಅದರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಯಾವ ದಿನ ಎಣ್ಣೆನೀರು, ಯಾವ ದಿನ ನೆಂಟರನ್ನು ಕರೆಯುವುದು, ಯಾವ ದಿನ ಮಕ್ಕಳು ಬಾಯಿಬಿಟ್ಟು ನಗಬಹುದು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದದ್ದು ನಡುಮನೆಯಲ್ಲಿದ್ದ ರೇಷ್ಮೆ ಹುಳಗಳು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ, ಅಂಬಾಜಿದುರ್ಗದ ಬೆಟ್ಟ ದೂರಕ್ಕೆ ಮಂಜುಮಂಜಾಗಿ ಕಾಣುವಂಥ ಊರು ನಮ್ಮದು. ಅಪ್ಪ ಊರಿನ ಶಾಲೆಯಲ್ಲಿ ಮೇಷ್ಟ್ರು. ಶಾಲೆಯಲ್ಲಿ ಅವರು ಕೆಮ್ಮಿದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಮನೆಯಲ್ಲಿ ಕೆಮ್ಮು ಬಂದರೆ ಅವರೇ ಎದ್ದು ಹಿತ್ತಲಿಗೆ ಹೋಗಿ ಕೆಮ್ಮಿ ಬರಬೇಕಾಗಿತ್ತು. ಸದ್ದಿಗೆ ಹುಳ ಬೆದರುತ್ತದೆ ಎಂದು ಅವ್ವನ ವಾದ. ಅವ್ವ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ. ಗೌರಿಬಿದನೂರಿನ ಆಚೆ ನಗರಗೆರೆ ಕಡೆಯವಳು. ಅವಳ ಮಾತಿನ ನಡುವೆ ತೆಲುಗು ತಾನಾಗಿ ಬಂದು ಕೂತುಬಿಡುತ್ತಿತ್ತು, ಸಿಟ್ಟು ಬಂದಾಗ ಇನ್ನೂ ಹೆಚ್ಚು. ಹುಳಕ್ಕೆ ಕಿವಿಯೇ ಇಲ್ಲ ಎಂದು ಅಪ್ಪ ಒಂದು ಸಲ ವಿಜ್ಞಾನ ಹೇಳಲು ಹೋಗಿ ಅವಳಿಂದ ಚೆನ್ನಾಗಿ ಅನ್ನಿಸಿಕೊಂಡಿದ್ದರು. ಆಮೇಲೆ ಹಿತ್ತಲಿಗೆ ಹೋಗುವುದೇ ವಾಸಿ ಎಂದುಕೊಂಡರು.

ಮನೆಯಲ್ಲಿ ಒಳ್ಳೆಯ ಕೋಣೆ ಅಂತಿದ್ದದ್ದು ನಡುಮನೆಯೊಂದೇ. ಎತ್ತರದ ಸೂರು, ಬರಿಗಾಲಿಗೆ ಹಾಯೆನಿಸುವ ಕಲ್ಲಿನ ನೆಲ, ಎದುರುಬದುರು ಕಿಟಕಿ. ಅದು ಹುಳಕ್ಕೆ. ಬಿದಿರಿನ ದೊಡ್ಡ ದೊಡ್ಡ ತಟ್ಟೆಗಳು ಸೂರಿನ ತನಕ ಒಂದರ ಮೇಲೊಂದು ಕೂತಿರುತ್ತಿದ್ದವು. ಅವನ್ನು ಹೊತ್ತ ಮರದ ಚೌಕಟ್ಟಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು, ಕಿಟಕಿಗಳಿಗೆ ನೊಣ ಬರದಂತೆ ಪರದೆ, ಬಿಸಿಲು ಜೋರಾದರೆ ಪರದೆಯ ಮೇಲೆ ಒದ್ದೆ ಗೋಣಿತಾಟು. ಇಷ್ಟು ವೈಭೋಗ ಮನೆಯ ಮಕ್ಕಳಿಗೆ ಇರಲಿಲ್ಲ. ನಾನು, ತಮ್ಮ ಮಂಜ ಅಡುಗೆಮನೆಯಲ್ಲಿ ಒಲೆಯ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಗೋಣಿಯನ್ನು ದಾಟಿ ಒಳಗೆ ಬರುವ ಹೊತ್ತಿಗೆ ಬಿಸಿಲಿನ ಕಾವೆಲ್ಲ ಇಳಿದಿರುತ್ತಿತ್ತು. ಸೊಪ್ಪಿನ ಬಣ್ಣ ಹತ್ತಿದ ಮಬ್ಬು ಬೆಳಕು ಮಾತ್ರ ಉಳಿಯುತ್ತಿತ್ತು. ಆ ಕೋಣೆಯಲ್ಲಿ ಮಧ್ಯಾಹ್ನ ಎನ್ನುವುದೇ ಇರಲಿಲ್ಲ, ನಸುಕು ಮುಗಿದರೆ ನೇರ ಸಂಜೆ. ಹುಳ ಸೊಪ್ಪು ತಿನ್ನುವ ಸರಸರ ಸದ್ದು ನಿಲ್ಲದೆ ಕೇಳುತ್ತಲೇ ಇರುತ್ತಿತ್ತು. ಹುಟ್ಟಿದಾಗಿನಿಂದ ಅದನ್ನು ಕೇಳಿಯೇ ಮಲಗಿದವಳು ನಾನು. ನೆಂಟರ ಮನೆಗೆ ಹೋದರೆ ಅಲ್ಲಿನ ನಿಶ್ಶಬ್ದಕ್ಕೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹುಳಕ್ಕೆ ವಾಸನೆ ಆಗದು. ಆದ್ದರಿಂದ ಬೆಳೆ ಮುಗಿಯುವ ತನಕ ದೇವರಿಗೂ ಊದುಬತ್ತಿ ಇಲ್ಲ. ಗೂಡು ಮಾರಿದ ಮೇಲೆ ಎಲ್ಲ ಸೇರಿಸಿ ಹಚ್ಚುತ್ತೇವೆ ಎಂದು ಅವ್ವ ದೇವರಿಗೆ ಹೇಳಿಕೊಂಡಿದ್ದಳು, ದೇವರೂ ಒಪ್ಪಿಕೊಂಡಿದ್ದ. ಸಾರಿನ ಒಗ್ಗರಣೆ ಹಿತ್ತಲ ಒಲೆಯಲ್ಲಿ. ಸೋಪಿನಲ್ಲಿ ಕೈ ತೊಳೆದವರು ಮತ್ತೆ ಬರೀ ನೀರಿನಲ್ಲಿ ತೊಳೆಯಬೇಕು. ಹೊರಗಿನಿಂದ ಯಾರೇ ಬರಲಿ, ಜಗಲಿಯಲ್ಲೇ ಕೂರಬೇಕು. ಮನೆಯವರಾದರೂ ಚಪ್ಪಲಿ ಬಿಟ್ಟು ಕಾಲು ತೊಳೆಯದೆ ನಡುಮನೆಯ ಹೊಸ್ತಿಲು ದಾಟುವಂತಿಲ್ಲ. ಅಮ್ಮನ ಪೆಟ್ಟಿಗೆಯಲ್ಲಿ ಮದುವೆಗೆ ಬಂದ ಪೌಡರ್ ಡಬ್ಬಿಯೊಂದು ಮುಚ್ಚಳ ತೆಗೆಯದೆ ಹಾಗೇ ಇತ್ತು. ಅವಳು ಕನಕಾಂಬರ ಮುಡಿಯುತ್ತಿದ್ದಳೇ ಹೊರತು ಮಲ್ಲಿಗೆ ಮುಡಿದದ್ದನ್ನು ನಾನು ಕಂಡಿರಲಿಲ್ಲ. ಅಮ್ಮನಿಂದ ಬರುತ್ತಿದ್ದದ್ದು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಒಂದೇ. ಅದೇ ಅಮ್ಮನ ವಾಸನೆ ಎಂದು ನಾನು ತಿಳಿದಿದ್ದೆ.

ಅಮ್ಮ, ಸಾವಿತ್ರಿ, ಮುದ್ದೇನಹಳ್ಳಿ ಕಡೆಯಿಂದ ಮದುವೆಯಾಗಿ ಬಂದಾಗ ಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತಂತೆ. ನಾನು ಕಣ್ಣುಬಿಡುವ ಹೊತ್ತಿಗೆ ಅವಳು ಹುಳದ ಒಡತಿಯಾಗಿಬಿಟ್ಟಿದ್ದಳು. ಬೆಳಕು ಹರಿಯುವ ಮುಂಚೆ ಒಂದು ಸಲ ಸೊಪ್ಪು, ಹೊತ್ತೇರಿದ ಮೇಲೆ, ಮಧ್ಯಾಹ್ನಕ್ಕೆ, ಸಂಜೆಗೆ, ಊರೆಲ್ಲ ಮಲಗಿದ ಮೇಲೆ ಮತ್ತೊಂದು ಸಲ. ನಡುವೆ ಸೊಪ್ಪು ಕೊಯ್ಯುವುದು, ಹೆಚ್ಚುವುದು, ತಟ್ಟೆ ಗುಡಿಸುವುದು. ಮುದ್ದೆ ಮುರಿದು ಬಸ್ಸಾರಿಗೆ ಅದ್ದುವಾಗಲೂ ಅವಳ ಕಿವಿ ನಡುಮನೆಯ ಕಡೆಗೇ ಇರುತ್ತಿತ್ತು. ಅವಳು ಮಲಗಿದ್ದನ್ನು ನಾನು ಕಂಡ ನೆನಪಿಲ್ಲ. ನಾವು ಮಲಗುವಾಗ ಎದ್ದಿರುತ್ತಿದ್ದಳು, ಏಳುವಾಗಲೂ ಎದ್ದಿರುತ್ತಿದ್ದಳು. ಅಮ್ಮಂದಿರಿಗೆ ನಿದ್ದೆ ಇರುವುದಿಲ್ಲ, ಅದು ಅಪ್ಪಂದಿರಿಗೆ ಮಾತ್ರ ಕೊಟ್ಟದ್ದು ಎಂದೇ ಬಹಳ ದಿನ ನಂಬಿದ್ದೆ.

ಹುಳ ಇದ್ದ ಮನೆಯಿಂದ ಎಲ್ಲರೂ ಒಟ್ಟಿಗೆ ಹೊರಡುವಂತಿಲ್ಲ. ಯಾರಾದರೊಬ್ಬರು ಉಳಿಯಬೇಕು. ಆ ಒಬ್ಬರು ಯಾವಾಗಲೂ ಅಮ್ಮನೇ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಅಪ್ಪನೋ ಅವ್ವನೋ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಚಿಂತಾಮಣಿಯ ಯಾವುದೋ ಛತ್ರದಲ್ಲಿ ಊಟದ ಪಂಕ್ತಿಗೆ ಕೂತರೆ ನನ್ನ ಆಚೀಚೆಯ ಮಕ್ಕಳಿಗೆಲ್ಲ ಅವರವರ ಅಮ್ಮಂದಿರು ಹೋಳಿಗೆ ಮುರಿದು ಕೊಡುತ್ತಿದ್ದರು. ನನಗೆ ಅಪ್ಪ. ಅಪ್ಪನಿಗೆ ಹೋಳಿಗೆ ಮುರಿಯುವುದು ಗೊತ್ತಿರಲಿಲ್ಲ, ಇಡೀ ಹೋಳಿಗೆಯನ್ನೇ ಎಲೆಯ ಮೇಲೆ ನೂಕಿ ತಮ್ಮ ಊಟ ಮುಂದುವರಿಸುತ್ತಿದ್ದರು. "ನಿಮ್ಮಮ್ಮ ಬರ್ಲಿಲ್ವಾ?" ಎಂದು ಯಾರೋ ಒಬ್ಬರು ತಪ್ಪದೆ ಕೇಳುವರು. "ಹುಳ ಇದೆ" ಎನ್ನುತ್ತಿದ್ದೆ. ನಮ್ಮ ಕಡೆ ಅಷ್ಟು ಹೇಳಿದರೆ ಸಾಕು, ಮುಂದೆ ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಆ ಉತ್ತರ ಹೇಳಿ ಹೇಳಿ ಬೇಸರ ಬಂದಿತ್ತು.

ಹೀಗಿರುವಾಗ ನನ್ನ ತರಗತಿಯ ಹುಡುಗಿಯೊಬ್ಬಳು ಬನ್ನೇರುಘಟ್ಟಕ್ಕೆ ಹೋಗಿಬಂದಳು. ಅಲ್ಲಿ ಕಂಬಿ ಬಿಗಿದ ಬಸ್ಸಿನಲ್ಲಿ ಕಾಡಿನೊಳಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಹುಲಿ ಕಿಟಕಿಯ ಹತ್ತಿರವೇ ಬಂದಿತಂತೆ, ಅವಳ ಅಮ್ಮ ಕಿಟಾರನೆ ಕಿರುಚಿ ಇವಳನ್ನು ತಬ್ಬಿಕೊಂಡುಬಿಟ್ಟಳಂತೆ. ಮಿಕ್ಕವರೆಲ್ಲ ಹುಲಿಯ ಮೀಸೆ, ಉಗುರು ಎಂದು ಕೇಳುತ್ತಿದ್ದರೆ ನನ್ನ ತಲೆಯಲ್ಲಿ ನಿಂತದ್ದು ಆ ಕೊನೆಯ ಮಾತು. ನನಗೆ ಹುಲಿ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಹುಲಿ ಕಂಡು ಕಿರುಚಿ ನನ್ನನ್ನು ತಬ್ಬಿಕೊಳ್ಳುವ ಅಮ್ಮ ಬೇಕಾಗಿತ್ತು. ಅವತ್ತು ಸಂಜೆಯೇ ಮನೆಯಲ್ಲಿ ರಾಗ ತೆಗೆದೆ. ಅಪ್ಪ ಸಲೀಸಾಗಿ ಒಪ್ಪಿದರು.

"ಅದಕ್ಕೇನಂತೆ, ಬರೋ ಭಾನುವಾರ ಹೋಗಣ. ನೀನು, ಮಂಜ, ನಾನು."

"ಅಮ್ಮ?"

"ಅಮ್ಮ ಹೆಂಗೆ ಬರ್ತಾಳೆ ಪದ್ಮಿ? ಹುಳ ಇಲ್ವಾ?"

"ಹಂಗಾದ್ರೆ ನಾನೂ ಬರಲ್ಲ. ಹುಲಿ ನೋಡಿದ್ರೆ ಅಮ್ಮನ ಪಕ್ಕ ಕೂತ್ಕೊಂಡೇ ನೋಡೋದು."

ನಾನು ಹಟಮಾರಿ, ಈಗಲೂ. ಮಾತು ಬಿಟ್ಟೆ, ಮೂಲೆ ಹಿಡಿದೆ. ಅಮ್ಮ ಸೊಪ್ಪಿನ ಬುಟ್ಟಿ ಹೊತ್ತು ನನ್ನ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕಡೆ ನೋಡುತ್ತಿದ್ದಳು. ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ಹುಳ ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ, ಕಾಯಿಲೆಯೇನಲ್ಲ. ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರ. ನಾಲ್ಕನೆಯದು ದೊಡ್ಡದು, ಹೆಚ್ಚುಕಡಿಮೆ ಒಂದು ಇಡೀ ದಿನ ಹುಳಕ್ಕೆ ಸೊಪ್ಪು ಬೇಡ. ಅವತ್ತು ಹೋಗಿ ಸಂಜೆಗೆ ಬಂದುಬಿಟ್ಟರೆ ಆಯಿತಲ್ಲ ಎಂದು ಅಪ್ಪ ಅಂದದ್ದೇ ತಡ, ಅವ್ವ ಜಗಲಿಯಿಂದ ಎದ್ದು ಬಂದಳು.

"ಬಾಗುಂದಿ, ಬಲು ಚೆನ್ನಾಗಿದೆ! ಜ್ವರದ ದಿನ ಮನೆಯೊಡತಿ ಊರು ಬಿಟ್ಟು ಹೋಗ್ತಾಳಾ? ಎಲ್ಲಾ ಹುಳ ಒಂದೇ ಸಲ ಕೂರ್ತವಾ? ಹಿಂದೆ ಬಿದ್ದವನ್ನ ಯಾರು ನೋಡೋರು? ಸುಣ್ಣ ಯಾರು ಉದುರಿಸೋರು?"

"ನೀನಿದ್ದೀಯಲ್ಲವ್ವ" ಎಂದರು ಅಪ್ಪ.

"ನಾನಿದ್ದೀನಿ. ನಾನು ಯಾವಾಗ್ಲೂ ಇದ್ದೀನಿ. ಅವಳು ಹೊಸ್ತಿಲು ದಾಟಿದ್ರೆ ಹುಳಕ್ಕೆ ಗೊತ್ತಾಗ್ತದೆ ಕಣೋ."

ಆಗ ನಾನು ಮೂಲೆಯಿಂದಲೇ ಹೇಳಿದೆ, ಜಗಳಕ್ಕೆಂದಲ್ಲ, ಅದು ನಿಜವಾಗಿದ್ದರಿಂದ ಹೇಳಿದೆ.

"ಅವ್ವಾ, ನಾನು ಅಮ್ಮನ ಪಕ್ಕ ಬಸ್ಸಲ್ಲಿ ಒಂದ್ಸಲಾನೂ ಕೂತಿಲ್ಲ."

ಅವ್ವ ನನ್ನ ಕಡೆ ತಿರುಗಿದಳು, ಆಮೇಲೆ ಅಮ್ಮನ ಕಡೆ. "ಅವುನಾ? ಹೌದಾ?" ಎಂದು ಕೇಳಿದಳು. ಅಮ್ಮ ತಲೆ ಎತ್ತದೆ ಸೊಪ್ಪು ಹೆಚ್ಚುತ್ತಲೇ ಇದ್ದಳು. ಅವ್ವ ಸೆರಗು ಕೊಡವಿಕೊಂಡು ಹೊರಗೆ ಹೋದಳು. ಮರುದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಾ, ಯಾರಿಗೂ ಅಲ್ಲ ಎನ್ನುವ ಹಾಗೆ ಒಲೆಗೆ ಹೇಳಿದಳು: "ಹೋಗ್ಬರ್ಲಿ. ನಾನೇನು ಹುಳ ಕಾಣದೋಳಾ?"

ಅಲ್ಲಿಂದ ಶುರುವಾಯಿತು ನಮ್ಮ ಕಾಯುವಿಕೆ. ಹುಳ ಯಾವ ದಿನ ಕೂರುತ್ತದೋ ಅದೇ ನಮ್ಮ ದಿನ. ಅಪ್ಪ ಶಾಲೆಗೆ ರಜೆ ಹಾಕುವುದಕ್ಕೆ ಸಿದ್ಧವಾಗಿದ್ದರು. ಆದರೆ ಆ ಪ್ರಾಣಿವನಕ್ಕೆ ಮಂಗಳವಾರ ರಜೆ. ಹುಳ ಮಂಗಳವಾರವೇ ಕೂತುಬಿಟ್ಟರೆ? ಆ ಭಯಕ್ಕೆ ನನಗೆ ಶಾಲೆಯಲ್ಲಿ ಮಗ್ಗಿ ತಪ್ಪುತ್ತಿತ್ತು. ಮನೆಗೆ ಬಂದವಳೇ ಕಾಲು ತೊಳೆದು ನಡುಮನೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದೆ. ಹಿಂದಿನ ಬೆಳೆಗಳಲ್ಲೆಲ್ಲ ಹುಳ ನನ್ನ ಅಮ್ಮನನ್ನು ಕಸಿದುಕೊಂಡ ದಾಯಾದಿಗಳು. ಈಗ ಅವರ ಮುಂದೆಯೇ ಕೈ ಕಟ್ಟಿ ಕೂರುವ ಗತಿ. "ಬುಧವಾರ ಕೂತ್ಕೊಳ್ರಪ್ಪ" ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಮಂಗಳವಾರ ಸಂಜೆ ಕೋಣೆಯ ಸದ್ದು ತೆಳ್ಳಗಾಯಿತು. ಅಮ್ಮ ಒಂದು ತಟ್ಟೆ ಎಳೆದು, ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅದರ ಮೈ ಮಿರುಗುತ್ತಿತ್ತು, ಬಾಯಿ ಚೂಪಾಗಿತ್ತು. "ನಾಳೆ" ಎಂದಳು, ಅಷ್ಟೇ. ಬೆಳಗ್ಗೆ ನಾನು ಎದ್ದದ್ದು ಯಾರೋ ಎಬ್ಬಿಸಿದ್ದರಿಂದಲ್ಲ, ಸದ್ದು ನಿಂತದ್ದರಿಂದ. ಓಡಿಹೋಗಿ ನೋಡಿದೆ. ಒಂದೊಂದು ತಟ್ಟೆಯ ತುಂಬ ಬಿಳಿ ಹುಳಗಳು ತಲೆ ಎತ್ತಿಕೊಂಡು, ಉಸಿರೂ ಇಲ್ಲದಂತೆ ಕೂತಿದ್ದವು. ತಟ್ಟೆ ಒಣಗಿರಲೆಂದು ಅಮ್ಮ ಮೇಲಿಂದ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಉದುರಿಸುತ್ತಿದ್ದಳು. ಆಗಲೇ ಸ್ನಾನ ಮುಗಿಸಿ ಹೊಸ ಸೀರೆ ಉಟ್ಟಿದ್ದಳು. ಆ ಮಬ್ಬು ಬೆಳಕಿನಲ್ಲಿ ಅವಳ ಕೂದಲ ಮೇಲೂ ಸ್ವಲ್ಪ ಸುಣ್ಣ ಬಿದ್ದಿತ್ತು.

ಅವ್ವ ಮೊಸರನ್ನ ಕಟ್ಟಿಕೊಟ್ಟಳು. ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು, ಒದ್ದೆ ಗೋಣಿ, ಹಿಂದೆ ಬಿದ್ದ ಹುಳ, ಬೆಕ್ಕು ಎಂದು ಇನ್ನೂ ಹೇಳುತ್ತಲೇ ಇದ್ದಳು. "ಪೋಯಿ ರಾ, ಪೋಮ್ಮ!" ಎಂದು ಅವ್ವ ಅವಳನ್ನು ಬೆನ್ನು ಹಿಡಿದು ಆಚೆಗೆ ದಬ್ಬಿದಳು. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಹೂವಿನವಳ ಮುಂದೆ ಅಮ್ಮ ನಿಂತುಬಿಟ್ಟಳು. ಕನಕಾಂಬರದ ಕಡೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮಲ್ಲಿಗೆಯನ್ನು ತೋರಿಸಿ, ಅಪ್ಪನ ಮುಖ ನೋಡಿದಳು. ಅಪ್ಪ ಕೊಡಿಸಿದರು. ಬೆಂಗಳೂರಿನ ಬಸ್ಸಿನಲ್ಲಿ ನಾನು ಅವಳ ಪಕ್ಕದಲ್ಲಿ ಕೂತೆ. ಮಂಜ ಬೇಕಾದಷ್ಟು ಅತ್ತ, ನಾನು ಜಾಗ ಬಿಡಲಿಲ್ಲ. ಮಲ್ಲಿಗೆಯ ವಾಸನೆಗೆ ನನಗೆ ಒಂಥರಾ ನಾಚಿಕೆಯಾಯಿತು. ಯಾರೋ ಬೇರೆಯವರ ಅಮ್ಮನ ಪಕ್ಕ ಕೂತಂತೆ, ಆದರೆ ಆ ಬೇರೆಯವಳು ನನ್ನವಳೇ ಆದಂತೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ ಬಂದಾಗಲೆಲ್ಲ ಅವಳು ಮುಂದೆ ಬಾಗಿ ನೋಡಿ ಮಾರ್ಕ್ಸ್ ಕೊಡುತ್ತಿದ್ದಳು. "ಇವರ ಸೊಪ್ಪು ಬಲಿತು ಹೋಯ್ತು. ಇವರು ನೀರು ಕಮ್ಮಿ ಮಾಡಿದಾರೆ. ಆಹಾ, ಇದು ನೋಡು ಸೊಪ್ಪು ಅಂದ್ರೆ." ದೇವನಹಳ್ಳಿ ದಾಟಿದ ಮೇಲೆ ತೋಟಗಳು ವಿರಳವಾದವು. ಆಮೇಲೆ ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಳು. ಆ ಕೈಗಳಿಗೆ ಕೆಲಸವಿಲ್ಲದ್ದನ್ನು ನಾನು ನೋಡುತ್ತಲೇ ಇದ್ದೆ.

ಪ್ರಾಣಿವನದಲ್ಲಿ ಮೊದಲು ಬೋನುಗಳ ಹತ್ತಿರ ನಡೆದೆವು. ಮಂಜ ಎಲ್ಲ ಪ್ರಾಣಿಗೂ ಅದರದೇ ಭಾಷೆಯಲ್ಲಿ ಕೂಗು ಹಾಕುತ್ತಿದ್ದ. ಅಮ್ಮ ಮಾತ್ರ ಪ್ರಾಣಿಗಳಿಗಿಂತ ಹೆಚ್ಚಾಗಿ ಅವುಗಳ ತೊಟ್ಟಿ, ನೆಲ, ನೆರಳು ನೋಡುತ್ತಿದ್ದಳು. ಗುಡಿಸಿದ್ದಾರಾ, ನೀರು ಬದಲಿಸಿದ್ದಾರಾ ಎಂದು ಬಗ್ಗಿ ಬಗ್ಗಿ ಪರೀಕ್ಷೆ. ಚಿರತೆಯ ಬೋನಿನ ಹತ್ತಿರ ನಿಂತಿದ್ದ ಕೆಲಸದವರನ್ನು ತಡೆದು ಕೇಳಿಯೇಬಿಟ್ಟಳು.

"ಅಣ್ಣಾ, ಇವಕ್ಕೆ ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

"ಒಂದೇ ಸಲ ಕಣಮ್ಮ. ವಾರದಲ್ಲಿ ಒಂದಿನ ಅದೂ ಇಲ್ಲ, ಉಪವಾಸ."

"ಒಂದೇ ಸಲಾನಾ! ರಾತ್ರಿ ಏಳೋ ಹಂಗಿಲ್ವಾ?"

"ರಾತ್ರಿ ಯಾಕಮ್ಮ ಏಳಣ? ಅವೂ ಮಲಗ್ತವೆ, ನಾವೂ ಮಲಗ್ತೀವಿ."

ಅಮ್ಮ ಅಪ್ಪನ ಕಡೆ ತಿರುಗಿ, "ಕೇಳಿಸ್ಕೊಂಡ್ರಾ? ಹುಲಿ ಚಿರತೆ ಸಾಕೋದೇ ಸಲೀಸು" ಎಂದಳು. ಅದನ್ನು ನಗುತ್ತಾ ಹೇಳಲಿಲ್ಲ. ಅಪ್ಪ ನಕ್ಕರು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. ಮರದ ಕೆಳಗೆ ಮೊಸರನ್ನ ತಿಂದೆವು. ಅಮ್ಮ ಕಾಲು ನೀಡಿಕೊಂಡು ನಮ್ಮ ಜೊತೆಗೇ ಕೂತು, ಇನ್ನಷ್ಟು ಹಾಕಿಸಿಕೊಂಡು ನಿಧಾನಕ್ಕೆ ತಿಂದಳು. ಆಮೇಲೆ ಕಾಡಿನೊಳಕ್ಕೆ ಹೋಗುವ ಬಸ್ಸಿನ ಸಾಲಿಗೆ ನಿಂತೆವು. ಕಬ್ಬಿಣದ ಗೇಟು ತೆರೆದು ನಮ್ಮನ್ನು ಒಳಗೆ ಬಿಟ್ಟದ್ದೇ ತಡ, ಅಮ್ಮ ಚಪ್ಪಲಿ ಕಳಚಿ ಬದಿಗಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಆಚೀಚೆ ನೋಡತೊಡಗಿದಳು. ಅವಳನ್ನು ನೋಡಿ ಮಂಜನೂ ಚಪ್ಪಲಿ ಬಿಟ್ಟ. ನಾನೂ ಬಿಟ್ಟೆ. ಸಾಲು ನಿಂತುಹೋಯಿತು.

"ಏನು ಹುಡುಕ್ತಿದ್ದೀಯ?" ಎಂದರು ಅಪ್ಪ.

"ನೀರು. ಕಾಲು ತೊಳಿಯೋದು ಬೇಡ್ವಾ? ಹೊರಗಿಂದ ಬಂದಿದ್ದೀವಿ."

ಹಿಂದಿನವರು ಗೊಳ್ಳೆಂದು ನಕ್ಕರು. ಅಮ್ಮನ ಕಿವಿ ಕೆಂಪಾಯಿತು. ಸಾಕಿದ ಜೀವಗಳ ಹತ್ತಿರಕ್ಕೆ ಹೊರಗಿನ ಧೂಳು ಹೊತ್ತು ಹೋಗುವವರು ಲೋಕದಲ್ಲಿ ಇದ್ದಾರೆ ಎಂಬುದೇ ನಮಗೆ ಹೊಸ ವಿಷಯವಾಗಿತ್ತು. ನನಗೆ ನಕ್ಕವರ ಮೇಲೆ ಕೆಟ್ಟ ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದೆವು.

ಎಡಗಡೆಯ ಸೀಟಿನಲ್ಲಿ ನನ್ನನ್ನು ಕಿಟಕಿಗೆ ಕೂರಿಸಿ ಅಮ್ಮ ಪಕ್ಕದಲ್ಲಿ ಕೂತಳು. ಅಪ್ಪ, ಮಂಜ ಬಲಗಡೆ. ಬಸ್ಸು ಆಮೆಗತಿಯಲ್ಲಿ ಹೊರಟಿತು. ಹೊರಗೆಲ್ಲ ಒಣಗಿದ ಹುಲ್ಲು. ಬಿಸಿಲು, ಮರದ ನೆರಳು ಒಂದಾದ ಮೇಲೊಂದು ಕಂಬಿಗಳ ಮೂಲಕ ಅಮ್ಮನ ಮುಖದ ಮೇಲೆ ಹಾದುಹೋಗುತ್ತಿದ್ದವು. ಜಿಂಕೆ ಬಂದವು. ಅಮ್ಮ ನೋಡಿದಳು. ಕರಡಿ ಬಂತು. ಅಮ್ಮ ಅರ್ಧ ನೋಡಿದಳು. ಆಮೇಲೆ ನನ್ನ ಹೆಗಲಿಗೆ ಏನೋ ಭಾರವಾಗಿ ತಗುಲಿತು. ತಿರುಗಿದರೆ ಅಮ್ಮನ ತಲೆ. ಸೀಟಿನಲ್ಲಿ ಅರ್ಧ ಜಾರಿ, ನನ್ನ ಎತ್ತರಕ್ಕೆ ಇಳಿದು, ಬಾಯಿ ಸ್ವಲ್ಪ ತೆರೆದುಕೊಂಡು ಅವಳು ನಿದ್ದೆ ಹೋಗಿದ್ದಳು. ಅಮ್ಮ ನಿದ್ದೆ ಮಾಡಿದರೆ ಹೇಗಿರುತ್ತಾಳೆ ಎಂದು ನಾನು ನೋಡಿದ್ದು ಆಗಲೇ. ಹುಬ್ಬುಗಳ ನಡುವಿನ ಗೆರೆ ಇರಲಿಲ್ಲ. ಸ್ವಲ್ಪ ಹೊತ್ತು ಅದೇ ಆಶ್ಚರ್ಯ. ಆಮೇಲೆ ನೆನಪಾಯಿತು. ಹುಲಿ ಇನ್ನೂ ಬಂದಿಲ್ಲ! "ಅಮ್ಮಾ" ಎಂದು ಪಿಸುಗುಟ್ಟಿದೆ. ಏಳಲಿಲ್ಲ. ಮುಂಗೈ ಅಲುಗಿಸಲು ಹೋದೆ. ಬಲಗಡೆಯಿಂದ ಅಪ್ಪ ಬೇಡವೆಂದು ತಲೆಯಾಡಿಸಿದರು.

ಬಸ್ಸು ನಿಂತಿತು. "ಹುಲಿ! ಹುಲಿ! ಬಲಗಡೆ!" ಎಂದು ಡ್ರೈವರ್ ಕೂಗಿದ. ಎಡಗಡೆ ಕೂತವರೆಲ್ಲ ಎದ್ದು ಬಲಕ್ಕೆ ನುಗ್ಗಿದರು. ಬಸ್ಸೇ ಆ ಕಡೆಗೆ ವಾಲಿತು. ಮಂಜ ಅಪ್ಪನ ಹೆಗಲು ಹಿಡಿದು ಸೀಟಿನ ಮೇಲೆ ನಿಂತು "ದೊಡ್ಡದೂ!" ಎಂದು ಕಿರುಚುತ್ತಿದ್ದ. ನನ್ನ ಮುಂದೆ ಬೆನ್ನುಗಳು, ಸೆರಗುಗಳು, ಯಾರದೋ ಬಗಲಚೀಲ. ಎದ್ದು ಸೀಟಿನ ಮೇಲೆ ನಿಂತರೆ ಕಾಣುತ್ತಿತ್ತು, ಖಂಡಿತ. ಎದ್ದರೆ ಅಮ್ಮನ ತಲೆ ಕೆಳಗೆ ಬೀಳುತ್ತಿತ್ತು. ಅಪ್ಪ ಗುಂಪಿನ ನಡುವಿನಿಂದ ಕೈಚಾಚಿ ಬಾ ಎಂದು ಕರೆದರು. ನಾನು ಕಣ್ಣಿನಲ್ಲೇ ನನ್ನ ಹೆಗಲನ್ನು ತೋರಿಸಿದೆ. ಅಪ್ಪನ ಕೈ ಹಾಗೇ ನಿಂತಿತು, ಆಮೇಲೆ ಇಳಿಯಿತು. ಹೆಗಲು ಜೋಮು ಹಿಡಿಯುತ್ತಿತ್ತು. ಉಸಿರಾಡಿದರೆ ಎಲ್ಲಿ ಅಲುಗುತ್ತದೋ ಎಂದು ಉಸಿರನ್ನೂ ಬಿಗಿಹಿಡಿದೆ. ಎಷ್ಟೊಂದು ದಿನ ಕಾದದ್ದು, ಹುಳದ ಮುಂದೆ ಬೇಡಿಕೊಂಡದ್ದು, ಎಲ್ಲ ಆ ಬೆನ್ನುಗಳ ಆಚೆ ಇತ್ತು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ತಡೆಯಲಾರದ ಸಿಟ್ಟು. ಅಷ್ಟೇ ಮಟ್ಟಿಗೆ ಅವಳು ಏಳದಿರಲಿ ಎಂದೂ ಅನ್ನಿಸಿತು. ಕಣ್ಣಿನಿಂದ ನೀರು ಇಳಿದು ಅವಳ ಮಲ್ಲಿಗೆಯ ಮೇಲೆ ಬಿತ್ತು. ಬಸ್ಸು ಹೊರಟಿತು.

ಗೇಟಿನ ಹತ್ತಿರ ಬಸ್ಸು ಜರ್ರೆಂದು ನಿಂತಾಗ ಅಮ್ಮ ತಲೆ ಎತ್ತಿದಳು. ಕೆನ್ನೆಯ ಮೇಲೆ ನನ್ನ ಲಂಗದ ರವಿಕೆಯ ಗೆರೆ ಮೂಡಿತ್ತು.

"ಹುಲಿ ಬಂತಾ?"

"ಬಂದು ಹೋಯ್ತು."

"ನೀನು ನೋಡಿದ್ಯಾ?"

"ಹೂಂ. ಚೆನ್ನಾಗಿತ್ತು."

ಅಮ್ಮ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಹೆಗಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೀವಿದಳು.

ಕತ್ತಲಾಗುವ ಹೊತ್ತಿಗೆ ಮನೆ. ನಾವೆಲ್ಲ ಕಾಲು ತೊಳೆದೆವು. ಅಮ್ಮ ಹೂವನ್ನು ಜಗಲಿಯ ಗೋಡೆಗೂಡಿನಲ್ಲಿಟ್ಟು, ತಲೆಗೆ ಸೆರಗು ಸುತ್ತಿ ಒಳಗೆ ಹೋಗಿ ತಟ್ಟೆಗಳನ್ನು ನೋಡಿಬಂದಳು. ಹುಳ ಇನ್ನೂ ಹಾಗೇ ಕೂತಿದ್ದವು. ಒಡತಿ ಹೊಸ್ತಿಲು ದಾಟಿದ್ದು ಅವಕ್ಕೆ ಗೊತ್ತೇ ಆಗಿರಲಿಲ್ಲ. ಅವ್ವ ಜಗಲಿಯಲ್ಲಿ ಕಾಲು ಮಡಿಸಿ ಕೂತು ವರದಿಗೆ ಕಾದಿದ್ದಳು. ಮಂಜ ನಾಲ್ಕು ಕಾಲಿನಲ್ಲಿ ತೆವಳಿ ತೋರಿಸಲು ಶುರುಮಾಡಿದ. ಅವ್ವ ಅವನನ್ನು ಬದಿಗೆ ಸರಿಸಿದಳು.

"ನೀನು ಇರೋ. ಸಾವಿತ್ರೀ, ನೀನು ಹೇಳು. ಪುಲಿನಿ ಚೂಸಿನಾವಾ?"

"ಇಲ್ಲ ಅತ್ತೆ. ಹುಲಿ ಬರೋ ಹೊತ್ತಿಗೆ ನಿದ್ದೆ ಬಂದ್ಬಿಡ್ತು."

ಅವ್ವ ಬೈಯುತ್ತಾಳೆ ಎಂದು ನಾನು ಕಾದೆ, ಸ್ವಲ್ಪ ಆಸೆಯಿಂದಲೇ.

"ಯಾರಾದ್ರೂ ಎಬ್ಬಿಸಿದ್ರಾ?"

"ಇಲ್ಲ, ಯಾರೂ ಎಬ್ಬಿಸ್ಲಿಲ್ಲ."

"ಸದ್ಯ!" ಎಂದಳು ಅವ್ವ. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಒಳ್ಳೆಯ ಬೆಳೆ ಬಂದಾಗಲೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಅಪ್ಪನಿಗೆ ಹೇಳಿದಳು: "ಮುಂದಿನ ಬೆಳೆ ಜ್ವರಕ್ಕೆ ನನ್ನ ಕರ್ಕೊಂಡು ಹೋಗೋ. ನನಗೂ ಒಂದು ಸೀಟು ಸಾಕು, ಹುಲಿಗಿಲಿ ಬೇಡ." ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಒಳಗೆ ಕೇಳಿಸದ ಹಾಗೆ, ಬಹಳ ಹೊತ್ತು ನಕ್ಕರು. ಅದರಲ್ಲಿ ನಗುವಂಥದ್ದು ಏನಿದೆ ಎಂದು ಅವತ್ತು ನನಗೆ ತಿಳಿಯಲಿಲ್ಲ. ಮುದ್ದೆ ತಿನ್ನದೆ ಹೋಗಿ ಮಲಗಿದೆ.

ಈಗ ಹುಳಕ್ಕೆ ತೋಟದಲ್ಲೇ ಬೇರೆ ಮನೆ ಇದೆ. ಮಂಜನೂ ಅವನ ಹೆಂಡತಿಯೂ ರೆಂಬೆ ಸಮೇತ ಸೊಪ್ಪು ಹಾಸಿ ಬಂದುಬಿಡುತ್ತಾರೆ, ರಾತ್ರಿ ಏಳುವ ಕೆಲಸವಿಲ್ಲ. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಕೇಳಿದ ಸೀಟು ಅವಳಿಗೆ ಸಿಗಲೇ ಇಲ್ಲ. ನಡುಮನೆಯಲ್ಲಿ ಸೋಫಾ, ಟಿ.ವಿ. ಬಂದಿವೆ, ಅಪ್ಪ ಅಲ್ಲಿ ಕೂತು ಮನಸ್ಸಿಗೆ ಬಂದಷ್ಟು ಕೆಮ್ಮುತ್ತಾರೆ. ನಾನು ಚಿಕ್ಕಬಳ್ಳಾಪುರದಲ್ಲಿ ಸಂಸಾರ ಹೂಡಿ, ಅಪ್ಪನ ಹಾಗೆ ಪಾಠ ಹೇಳುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಊರಿಗೆ ಹೋಗಿದ್ದಾಗ ಅಮ್ಮ, ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಹಿಂದಿನ ವಾರವಷ್ಟೇ ತನ್ನ ಮಾವ ಮಂಜನ ಜೊತೆ ಹೋಗಿ ಹುಲಿ ನೋಡಿಬಂದಿದ್ದ ನನ್ನ ಮಗಳು ಇಂಚರಾ, ಫೋನಿನಲ್ಲಿ ತೆಗೆದ ವಿಡಿಯೋ ತೋರಿಸುತ್ತಾ ಅಮ್ಮನ ಬೆನ್ನಿಗೆ ಜೋತುಬಿದ್ದಳು.

"ಅಜ್ಜೀ, ನೀನು ನಿಜವಾದ ಹುಲಿ ನೋಡಿದ್ದೀಯಾ?"

"ಹೋಗಿದ್ದೆ, ನೋಡ್ಲಿಲ್ಲ. ನಿದ್ದೆ ಬಂದ್ಬಿಟ್ಟಿತ್ತು."

ಇಷ್ಟು ವರ್ಷ ಯಾರಿಗೂ ಹೇಳದಿದ್ದದ್ದು ಅವತ್ತು ನನ್ನ ಬಾಯಿಂದ ಹೊರಬಂತು. "ನಿಮ್ಮಜ್ಜಿಗೆ ಎಚ್ಚರ ಆಗಬಾರದು ಅಂತ ನಾನೂ ನೋಡಲಿಲ್ಲ ಕಣೇ. ನೋಡಿದೆ ಅಂತ ಸುಳ್ಳು ಹೇಳಿದ್ದೆ" ಎಂದೆ. ಅಮ್ಮ ಬೆರಗಾಗುತ್ತಾಳೆ, ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಯಿ ಸುಲಿಯುವ ಕೈಯನ್ನೂ ನಿಲ್ಲಿಸಲಿಲ್ಲ.

"ನಂಗೊತ್ತು" ಎಂದಳು.

"ಹೆಂಗೊತ್ತು?"

"ಎಚ್ಚರ ಆಗಿತ್ತಲ್ಲ. ಬಸ್ಸಲ್ಲಿರೋರೆಲ್ಲ ಹಂಗೆ ಅರಚಾಡಿದ್ರೆ ಎಚ್ಚರ ಆಗ್ದೆ ಇರ್ತದಾ?"

ನನಗೆ ಮೊದಲು ಬಂದದ್ದು ಕೋಪವೇ. "ಮತ್ತೆ ಯಾಕೆ ಏಳ್ಲಿಲ್ಲಮ್ಮ? ನನ್ನ ಹೆಗಲು ಬಿದ್ದುಹೋಗ್ತಿತ್ತು! ಇಬ್ರೂ ಎದ್ದು ನೋಡ್ಬೋದಿತ್ತಲ್ಲ!" ಎಂದು ಕೂಗಾಡಿದೆ. ಅಮ್ಮ ನಾನು ಸುಮ್ಮನಾಗುವ ತನಕ ಕಾದಳು.

"ಏಳಣ ಅಂತಾನೇ ಇದ್ದೆ. ಆಮೇಲೆ ನೋಡ್ತೀನಿ, ನೀನು ಉಸಿರು ಬಿಗಿಹಿಡ್ಕೊಂಡು ಕೂತಿದ್ದೀಯ. ಮಾತು ಕೇಳದ ಮಗು, ಒಂದ್ ಗಳಿಗೆ ಕೂತ ಕಡೆ ಕೂರದ ಮಗು. ಆ ಮನೇಲಿ ನನಗೋಸ್ಕರ ಯಾರೂ ಹಂಗೆ ಕೂತಿರ್ಲಿಲ್ಲ ಕಣೇ. ಕಣ್ಣು ಬಿಟ್ರೆ ಮುಗಿದೋಯ್ತದಲ್ಲ ಅನ್ಸ್ತು. ಅದಕ್ಕೇ ಮುಚ್ಕೊಂಡೇ ಇದ್ದೆ."

ಇಂಚರಾ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

"ಹಂಗಾದ್ರೆ ಅಷ್ಟು ದೂರ ಹೋಗಿ ನೀವಿಬ್ರೂ ಹುಲಿ ನೋಡೇ ಇಲ್ವಾ ಅಜ್ಜಿ?"

"ಇಲ್ಲ ಕಣಮ್ಮ" ಎಂದಳು ಅಮ್ಮ, ಬಹಳ ಜಂಬದಿಂದ. "ನಾವಿಬ್ರೂ ನೋಡ್ಲಿಲ್ಲ."